ಮೂರು ಗಂಟೆಯ ಸೈರನ್ನು

ವೆಂಕಟರತ್ನಮ್ಮ ಎಂಬುದು ಅವಳ ಅಜ್ಜಿಯ ಹೆಸರು. ಅಜ್ಜಿ ಕಣ್ಣುಮುಚ್ಚಿದ ವರ್ಷವೇ ಹುಟ್ಟಿದಳಲ್ಲ, ಬೇರೆ ಹೆಸರು ಹುಡುಕುವ ಗೋಜಿಗೆ ಮನೆಯವರು ಹೋಗಲಿಲ್ಲ. ಬೇತಮಂಗಲದ ರಸ್ತೆಯ ಆ ಸಣ್ಣ ಊರಿನಲ್ಲಿ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಬೆಂಗಳೂರಿನ ಯೂನಿವರ್ಸಿಟಿಯಲ್ಲಿ ಹಾಜರಿ ಕೂಗುವಾಗ ಮಾತ್ರ ಹಿಂದಿನ ಬೆಂಚಿನ ಹುಡುಗರು 'ಅಮ್ಮಾ' ಎಂದು ರಾಗ ಎಳೆಯುತ್ತಿದ್ದರು. ಎಳೆಯಲಿ ಬಿಡಿ, ಅವಳಿಗೆ ಅದಕ್ಕಿಂತ ದೊಡ್ಡ ಚಿಂತೆಗಳಿದ್ದವು. ಮನೆಯಲ್ಲಿ ಅವಳು ರತ್ನ. ನಾವೂ ಹಾಗೇ ಕರೆಯೋಣ.

ರತ್ನ ಮೊದಲಿನಿಂದಲೂ ಪುಕ್ಕಲು. ಬಾಗಿಲಿಗೆ ಬೀಗ ಹಾಕಿದರೆ ಮೂರು ಸಲ ಎಳೆದು ನೋಡಬೇಕು. ಬಂಗಾರಪೇಟೆಯಲ್ಲಿ ಬೆಳಗಿನ ಪ್ಯಾಸೆಂಜರ್ ಹತ್ತಿದ ಮೇಲೂ ಇದು ಬೆಂಗಳೂರಿಗೆ ಹೋಗುವುದೇ ತಾನೇ ಎಂದು ಪಕ್ಕದವರನ್ನು ಕೇಳಬೇಕು. ಟೇಕಲ್ ಹತ್ತಿರ ಸಿಗ್ನಲ್ ಸಿಗದೆ ರೈಲು ನಿಂತಿತೋ, ಕಿಟಕಿಯಿಂದ ತಲೆ ಹೊರಗೆ ಹಾಕಿ ಎಂಜಿನ್ನಿನ ಕಡೆ ನೋಡಬೇಕು. ಇಂಥವಳು ಹೋಗಿ ಹೋಗಿ ಸೇರಿದ್ದು ಮಲ್ಟಿಮೀಡಿಯಾ ಕಂಪ್ಯೂಟಿಂಗಿಗೆ. ೧೯೯೮ರಲ್ಲಿ ಅದೇನು ಓದು ಎಂಬುದು ಓದುವವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಅವಳಪ್ಪ ಬಚ್ಚಪ್ಪ ಹಾಲಿನ ಸೊಸೈಟಿಯಲ್ಲಿ ಕೇಳಿದವರಿಗೆಲ್ಲ, "ಕಂಪ್ಯೂಟರ್‌ನಾಗೆ ಚಿತ್ರ ಆಕ್ತಾರೆ, ಅದು ಮಾತಾಡ್ತದೆ, ನಾವು ಒತ್ತಿದ್ರೆ ಅಲ್ಲಾಡ್ತದೆ," ಎನ್ನುತ್ತಿದ್ದ. ಪಠ್ಯಪುಸ್ತಕದ ಮೊದಲ ಅಧ್ಯಾಯದಲ್ಲಿ ಇದ್ದದ್ದೂ ಹೆಚ್ಚುಕಡಿಮೆ ಅಷ್ಟೇ.

ಕ್ಲಾಸಿನಲ್ಲಿ ಇಪ್ಪತ್ತಾರು ಜನ. ಸೌಂಡ್ ಬರುವ ಕಂಪ್ಯೂಟರುಗಳು ನಾಲ್ಕು. ವಾರಕ್ಕೆ ಎರಡು ಸಲ, ಒಂದೊಂದು ಗಂಟೆ, ಅದೂ ಕರೆಂಟ್ ಇದ್ದರೆ. ಬೆಂಗಳೂರಿನ ಹುಡುಗರು ಹುಡುಗಿಯರು ಸಂಜೆ ಉಳಿದು ಕೆಲಸ ಮಾಡುತ್ತಿದ್ದರು. ರತ್ನಳಿಗೆ ಐದೂವರೆಯ ರೈಲು ತಪ್ಪಿದರೆ ಬಂಗಾರಪೇಟೆಯಿಂದ ಊರಿಗೆ ಬಸ್ಸಿಲ್ಲ. ಹಾಗಾಗಿ ಅವಳ ಓದೆಲ್ಲ ಫ್ಲಾಪಿಗಳಲ್ಲಿ. ಧೂಳು ತಾಗಬಾರದೆಂದು ಅಮ್ಮ ಆದಿಲಕ್ಷ್ಮಮ್ಮ ಅವನ್ನು ಸ್ಟೀಲಿನ ಟಿಫನ್ ಡಬ್ಬಿಗೆ ಹಾಕಿ ಕೊಡುತ್ತಿದ್ದಳು. ಮೇಲಿನ ಡಬ್ಬಿಯಲ್ಲಿ ಮೊಸರನ್ನ, ಕೆಳಗಿನ ಡಬ್ಬಿಯಲ್ಲಿ ಪ್ರಾಜೆಕ್ಟು. ಒಂದು ದಿನವೂ ಅದಲುಬದಲಾಗಲಿಲ್ಲ, ಆದರೆ ರತ್ನ ದಾರಿಯಲ್ಲಿ ನಾಲ್ಕು ಸಲ ತೆಗೆದು ನೋಡುತ್ತಿದ್ದಳು.

ಅವಳ ಹೆದರಿಕೆಗೆ ಕಾರಣವಿಲ್ಲದೆ ಇರಲಿಲ್ಲ. ಹಿಂದಿನ ವರ್ಷವೇ ಅವಳು ಪ್ರಾಜೆಕ್ಟ್ ಒಪ್ಪಿಸಿದ್ದಳು. ಹಾಳಾದ ಯಾವುದೋ ವೈರಸ್ ಫ್ಲಾಪಿಯೊಳಗೆ ಹೊಕ್ಕು, ವೈವಾ ದಿನ ಪರೀಕ್ಷಕರ ಮುಂದೆ ಪರದೆ ಕಪ್ಪಗೆ ನಿಂತಿತ್ತು. ಫೇಲು. ಪ್ರಾಜೆಕ್ಟಿನಲ್ಲಿ ಎರಡು ಸಲ ಫೇಲಾದರೆ ಹೆಸರು ಹೊಡೆದುಹಾಕುತ್ತಾರೆ, ಅದು ಅಲ್ಲಿಯ ನಿಯಮ. ಬೇರೆಲ್ಲ ಪೇಪರುಗಳಲ್ಲಿ ಪಾಸಾಗಿದ್ದರೂ ಅಷ್ಟೇ. ಆಮೇಲೆ ನಾಲ್ಕು ವರ್ಷದ ರೈಲು ಓಡಾಟ ಓಡಾಟವಾಗಿಯೇ ಉಳಿಯುತ್ತಿತ್ತು. ಈ ಸಲ ಪಾಸಾಗುವಷ್ಟು, ನೂರಕ್ಕೆ ನಲವತ್ತು ಬಂದರೂ ಸಾಕು ಎಂದು ಅವಳು ದೇವರಿಗೆ ಹೇಳಿಕೊಂಡಿದ್ದಳು. ಹೆಚ್ಚು ಕೇಳಿದರೆ ಎಲ್ಲಿ ಅದೂ ಸಿಗದೆ ಹೋದೀತೋ ಎಂಬ ಭಯ.

ಈ ಸಲದ ಪ್ರಾಜೆಕ್ಟಿನ ಹೆಸರು 'ಚಿನ್ನದ ಗಣಿಯಲ್ಲಿ ಒಂದು ದಿನ'. ಪರದೆಯ ಮೇಲೆ ಗಣಿಯೊಳಕ್ಕೆ ಇಳಿಯುವ ಬಾವಿಯ ಚಿತ್ರ. ಒಂದು ಗುಂಡಿ ಒತ್ತಿದರೆ ಆಳುಗಳನ್ನು ಹೊತ್ತ ಪಂಜರ ಕೆಳಗಿಳಿಯುತ್ತದೆ, ಇನ್ನೊಂದು ಒತ್ತಿದರೆ ಪಾಳಿಯ ಸೈರನ್ನು ಕೂಗುತ್ತದೆ. ಗೈಡು ಅನಸೂಯಮ್ಮ ಮೇಡಂ ಚಿತ್ರಗಳನ್ನು ಮೆಚ್ಚಿ, ಧ್ವನಿಗೆ ಬಂದಾಗ ತಲೆ ಅಡ್ಡಡ್ಡ ಆಡಿಸಿದ್ದರು.

"ಸೌಂಡ್ ಸ್ವಂತದ್ದಾಗಿರಬೇಕು ರತ್ನ. ಎಲ್ಲಿಂದಲೋ ಎತ್ತಿ ಹಾಕಿದ್ರೆ ಎಕ್ಸ್‌ಟರ್ನಲ್ ಪರೀಕ್ಷಕರು ಸುಮ್ಮನಿರಲ್ಲ. ಅದಕ್ಕೇ ಹದಿನೈದು ಮಾರ್ಕ್ಸ್ ಇದೆ. ಕಡಿಮೆ ಅಂದ್ರೂ ಎರಡು ನಿಮಿಷ ಇರಲಿ."

ಸೈರನ್ನನ್ನು ಹಿಡಿದು ತಂದವನು ಬಚ್ಚಪ್ಪನೇ. ಅವನು ಎಷ್ಟೋ ವರ್ಷದಿಂದ ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸಿನಲ್ಲಿ ಗಣಿ ಕೆಲಸಗಾರರ ಸಾಲುಮನೆಗಳಿಗೆ, ಅಂದರೆ ಲೈನ್ ಮನೆಗಳಿಗೆ, ಸೈಕಲ್ಲಿನಲ್ಲಿ ಹಾಲು ಹಾಕುತ್ತಿದ್ದ. ಒಂದು ದಿನ ಟೇಪ್‌ರೆಕಾರ್ಡರನ್ನು ಟವಲಿನಲ್ಲಿ ಸುತ್ತಿಕೊಂಡು ಹೋಗಿ, ಮಧ್ಯಾಹ್ನ ಮೂರಕ್ಕೆ ಗಣಿಯ ಗೇಟಿನ ಮುಂದೆ ನಿಂತು ಗುಂಡಿ ಅದುಮಿದ. ಒಂಬತ್ತು ಸೆಕೆಂಡು ಸೈರನ್ನು, ಅದರ ಹಿಂದೆಯೇ ಅವನ ಕೆಮ್ಮು, ಆಮೇಲೆ ಯಾರದೋ ಸೈಕಲ್ ಬೆಲ್ಲು. ಅಷ್ಟು ಸಿಕ್ಕಿತು.

ಒಪ್ಪಿಸಬೇಕಾದದ್ದು ಒಂದು ಶನಿವಾರ, ಸಂಜೆ ಐದರೊಳಗೆ. ಅಂದು ಬೆಳಿಗ್ಗೆ ಎಂಟಕ್ಕೆಲ್ಲ ರತ್ನ ಚಾಂಪಿಯನ್ ರೀಫ್ಸಿನಲ್ಲಿ ಕುಪ್ಪುಸ್ವಾಮಿಯ ಮನೆಯಲ್ಲಿ ಕೂತಿದ್ದಳು. ಕುಪ್ಪುಸ್ವಾಮಿ ಗಣಿಯಿಂದ ರಿಟೈರಾದವನು, ಬಚ್ಚಪ್ಪ ಹಾಲು ಹಾಕುವ ಮನೆಯವನು. ಮುಂದಿನ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು ಲೈನಿನ ಮಕ್ಕಳಿಗೆ ಟೈಪಿಂಗ್ ಕಲಿಸುತ್ತಿದ್ದ. ಮೂವತ್ತು ವರ್ಷ ಬಂಡೆಗೆ ಡ್ರಿಲ್ಲು ಹಿಡಿದು ಅವನ ಕಿವಿ ಮುಕ್ಕಾಲುಪಾಲು ಹೋಗಿತ್ತು. ಕಂಪ್ಯೂಟರಿನ ಸಣ್ಣ ಸ್ಪೀಕರು ತನಗೆ ಕೇಳಿಸುವುದಿಲ್ಲವೆಂದು ಗಣೇಶನ ಹಬ್ಬದ ಆಂಪ್ಲಿಫೈಯರಿಗೆ ವೈರು ಎಳೆದಿದ್ದ. ಕೋಣೆಯಲ್ಲಿ ಜಾಗವಿಲ್ಲದೆ ಅದರ ಎರಡು ದೊಡ್ಡ ಸ್ಪೀಕರ್ ಪೆಟ್ಟಿಗೆಗಳು ತೆರೆದ ಕಿಟಕಿಯ ಕಟ್ಟೆಯ ಮೇಲೆ ಕೂತಿದ್ದವು.

ರತ್ನ ಟೇಪಿನ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿದಳು. ಅಪ್ಪನ ಕೆಮ್ಮು, ಬೆಲ್ಲು ಎರಡನ್ನೂ ಕತ್ತರಿಸಿ ಎಸೆದಳು. ಉಳಿದ ಒಂಬತ್ತು ಸೆಕೆಂಡನ್ನು ನಕಲು ಮಾಡಿ ಒಂದರ ಬಾಲಕ್ಕೆ ಇನ್ನೊಂದನ್ನು ಹದಿನಾಲ್ಕು ಸಲ ಅಂಟಿಸಿದಳು. ಅಂಟಿಸಿದ್ದು ಗೊತ್ತಾಗದ ಹಾಗೆ ತುದಿಗಳನ್ನು ಸವರಿದಳು. ಎರಡು ನಿಮಿಷ, ಆರು ಸೆಕೆಂಡು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವಳಿಗೆ ತನ್ನ ಕೆಲಸ ಚೆನ್ನಾಗಿದೆ ಎನಿಸಿತು. ಗಂಟೆ ಹತ್ತೂವರೆ. ಅಲ್ಲಿಯ ಸ್ಟೇಷನ್ನಿಗೆ ರೈಲು ಹನ್ನೊಂದೂವರೆಗೆ.

"ಒಂದು ಸಲ ಓಡ್ಸಿ ನೋಡ್ತೀನಿ ಮಾಮ," ಎಂದಳು.

ಸ್ವಲ್ಪ ಸಣ್ಣಗೇ ಹಾಕಿದಳು. ಕುಪ್ಪುಸ್ವಾಮಿ ಕಿವಿಗೆ ಕೈ ಅಡ್ಡ ಹಿಡಿದು, "ಒಣ್ಣೂ... ಏನೂ ಕೇಳ್ಸಲ್ಲಮ್ಮ. ಜಾಸ್ತಿ ಮಾಡು," ಎಂದು ತಾನೇ ಆಂಪ್ಲಿಫೈಯರಿನ ತಿರುಪನ್ನು ಕೊನೆಯವರೆಗೂ ತಿರುಗಿಸಿದ.

ಆ ಊರಿನಲ್ಲಿ ಪಾಳಿಯ ಸೈರನ್ನು ದಿನಕ್ಕೆ ಮೂರು ಸಲ, ಹೊತ್ತಿಗೆ ಸರಿಯಾಗಿ, ಒಂದು ಸಲ ಕೂಗಿ ನಿಲ್ಲುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ನಿಲ್ಲದೆ ಕೂಗಿದರೆ ಕೆಳಗೆ ಬಂಡೆ ಕುಸಿದಿದೆ ಎಂದರ್ಥ. ಲೈನಿನ ಹಾಲುಗೂಸಿಗೂ ಗೊತ್ತಿದ್ದ ಸಂಗತಿ ಇದು. ರತ್ನಳಿಗೆ ಗೊತ್ತಿರಲಿಲ್ಲ. ಅವಳ ಊರಿಗೆ ಆ ಸದ್ದು ಗಾಳಿ ಬೀಸಿದ ದಿನ ಮಾತ್ರ ಸಣ್ಣಗೆ ಬರುತ್ತಿತ್ತು. ಆದಿಲಕ್ಷ್ಮಮ್ಮ ಅದನ್ನು ಕೇಳಿ ಹಸುಗಳಿಗೆ ನೀರಿಡಲು ಏಳುತ್ತಿದ್ದಳು, ಅಷ್ಟೇ.

ಐದಾರು ಕೂಗಾಗುವ ಹೊತ್ತಿಗೆ ಕುಪ್ಪುಸ್ವಾಮಿಯ ಮುಖ ಬಿಳುಚಿಕೊಂಡಿತು. ಅವನು ಗಡಿಯಾರ ನೋಡಿದ, ಪರದೆ ನೋಡಿದ, "ನಿಲ್ಸು, ನಿಲ್ಸಮ್ಮಾ," ಎಂದ. ರತ್ನ ಒತ್ತಿದ್ದು ಪಂಜರದ ಗುಂಡಿ, ಸದ್ದು ನಿಲ್ಲಲಿಲ್ಲ. ಕೊನೆಗೆ ಅವನೇ ಗೋಡೆಯ ಪ್ಲಗ್ಗು ಕಿತ್ತ. ಸದ್ದು ನಿಂತಾಗ ಹೊರಗೆ ಇನ್ನೊಂದು ಸದ್ದು ಕೇಳಿತು. ಬರಿಗಾಲಿನಲ್ಲಿ ಓಡುವ ಸದ್ದು.

ಹೊರಗೆ ಬಂದು ನೋಡಿದರೆ ಲೈನಿನ ಬಾಗಿಲುಗಳೆಲ್ಲ ತೆರೆದು ಬಿದ್ದಿದ್ದವು. ಆ ಹೆಂಗಸರಿಗೆ ಒಂದು ಪದ್ಧತಿ. ಇಂಥ ಸೈರನ್ನು ಕೇಳಿದ ಕೂಡಲೇ ಒಲೆ ಆರಿಸಬೇಕು, ಗಣಿಯ ಗೇಟಿಗೆ ಹೋಗಿ ನಿಲ್ಲಬೇಕು. ಗಂಡನ ಹೆಸರು ಹೇಳಿ ವಿಚಾರಿಸಬಾರದು. ಪಾಳಿಯ ಗಂಡಸರೆಲ್ಲ ಮೇಲೆ ಬರುವವರೆಗೆ ಒಬ್ಬಳೂ ಕೂರಬಾರದು. ಎದುರುಮನೆಯ ಅಮ್ಮಾಜಮ್ಮ ಕೈಯಲ್ಲಿ ಮುದ್ದೆ ತಿರುವುವ ಹಿಟ್ಟಿನ ಕೋಲು ಹಿಡಿದುಕೊಂಡೇ ಓಡಿದ್ದಳು. ಅವಳ ಗಂಡ ಕೋದಂಡಪ್ಪ ಏಳು ಗಂಟೆಯ ಪಾಳಿಗೆ ಇಳಿದಿದ್ದ. ಅವಳ ಅಣ್ಣ ಅದೇ ಬಾವಿಯಲ್ಲಿ ಜೀವ ಬಿಟ್ಟವನು.

"ನೀನು ಒಳಗಿರು. ನಾನ್ ಹೋಗಿ ಹೇಳ್ತೀನಿ," ಎಂದ ಕುಪ್ಪುಸ್ವಾಮಿ. ರತ್ನಳಿಗೂ ಒಳಗೇ ಇರಬೇಕು ಎನ್ನಿಸಿತು. ಬಾಗಿಲು ಹಾಕಿಕೊಂಡು, ಫ್ಲಾಪಿ ಡಬ್ಬಿಗೆ ಹಾಕಿಕೊಂಡು, ಹಿಂದಿನ ದಾರಿಯಿಂದ ಸ್ಟೇಷನ್ನಿಗೆ ಹೋಗಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಇದನ್ನೆಲ್ಲ ಯೋಚಿಸುತ್ತಲೇ ಅವಳು ಫ್ಲಾಪಿಯ ಡಬ್ಬಿ ಎತ್ತಿಕೊಂಡು ಅವನ ಹಿಂದೆ ಓಡುತ್ತಿದ್ದಳು. ಕಾಲು ಅವಳ ಮಾತು ಕೇಳಲಿಲ್ಲ.

ಗೇಟಿನಲ್ಲಿ ಆಗಲೇ ಅರವತ್ತು ಹೆಂಗಸರು. ಕಾವಲಿನವನು ಒಳಗೆ ಏನೂ ಆಗಿಲ್ಲವೆಂದು ಹೇಳುತ್ತಿದ್ದ. ಗೇಟಿನವನಿಗೆ ಏನು ಗೊತ್ತಾಗುತ್ತದೆ ಎಂದು ಯಾರೂ ಅವನನ್ನು ಲೆಕ್ಕಕ್ಕಿಟ್ಟಿರಲಿಲ್ಲ. ಕುಪ್ಪುಸ್ವಾಮಿ ತಮಿಳಿನಲ್ಲಿ ಕೂಗಿ ಹೇಳಿದ, ಕನ್ನಡದಲ್ಲಿ ಕೂಗಿ ಹೇಳಿದ. ಸೈರನ್ನು ಕೂಗಿದ್ದು ತನ್ನ ಮನೆಯಲ್ಲಿ, ಕಂಪ್ಯೂಟರಿನಲ್ಲಿ.

"ನಿನ್ಗೆ ಕಿವೀನೇ ಕೇಳ್ಸಲ್ಲ ಮಾಮ, ನಿನ್ಗೇನು ಗೊತ್ತು," ಎಂದಳು ಒಬ್ಬಳು.

ರತ್ನ ಮುಂದೆ ಬಂದಳು. "ನಾನೇ ಅಕ್ಕ ಕೂಗ್ಸಿದ್ದು. ಕಾಲೇಜಿಗೆ ಅಂತ ಮಾಡಿದ್ದು. ಕೆಳಗೆ ಏನೂ ಆಗಿಲ್ಲ."

ಅಮ್ಮಾಜಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಬಚ್ಚಣ್ಣನ ಮಗಳಲ್ವಾ ನೀನು? ಕಂಪ್ಯೂಟರ್ ಡಬ್ಬಿ ಅಷ್ಟು ಜೋರಾಗಿ ಕೂಗ್ತದಾ? ಯಾರಮ್ಮ ಏಳ್ಕೊಟ್ರು ನಿನ್ಗೆ ಇಂಗ್ ಏಳು ಅಂತ?"

"ಯಾರೂ ಇಲ್ಲಕ್ಕ. ಬೇಕಾದ್ರೆ ಇನ್ನೊಂದ್ಸಲ ಕೂಗ್ಸಿ ತೋರಿಸ್ತೀನಿ."

ಕುಪ್ಪುಸ್ವಾಮಿ ಅವಳ ರಟ್ಟೆ ಹಿಡಿದ. ಇನ್ನೊಂದು ಸಲ ಕೂಗಿಸಿದರೆ ಆಚೆ ಲೈನುಗಳ ಹೆಂಗಸರೂ ಬರುತ್ತಾರೆ, ಇವರಿಗಂತೂ ಅದು ಎರಡನೆಯ ಕುಸಿತ. ರತ್ನಳಿಗೆ ತನ್ನ ಮಾತು ನಿಜವೆಂದು ತೋರಿಸಲು ಇದ್ದ ಒಂದೇ ದಾರಿಯೂ ಮುಚ್ಚಿತ್ತು.

ಹನ್ನೊಂದು ಗಂಟೆಗೆ ಬಚ್ಚಪ್ಪ ಖಾಲಿ ಕ್ಯಾನುಗಳ ಸೈಕಲ್ಲು ತಳ್ಳಿಕೊಂಡು ಬಂದ. ಕುಪ್ಪುಸ್ವಾಮಿಯಿಂದ ವಿಷಯ ತಿಳಿದು ಸೈಕಲ್ಲಿಗೆ ಸ್ಟ್ಯಾಂಡು ಹಾಕಿದ. ಮಗಳನ್ನು ಬೈಯಲಿಲ್ಲ.

"ರೈಲಿಗೆ ಒತ್ತಾಯ್ತು ಮಗ, ನೀನು ಓಗು. ನಾನಿರ್ತೀನಿ ಇಲ್ಲಿ. ಐದು ಗಂಟೆ ಮೀರಿದ್ರೆ ತಕ್ಕಳಲ್ಲ ಅಂದಿದ್ಯಲ್ಲ."

ಹೌದು, ತೆಗೆದುಕೊಳ್ಳುವುದಿಲ್ಲ. ಎರಡನೆಯ ಫೇಲು. ಹೆಸರು ಹೊಡೆಯುತ್ತಾರೆ. ರತ್ನ ಟಿಫನ್ ಡಬ್ಬಿಯನ್ನು ಎದೆಗೊತ್ತಿಕೊಂಡು ಸ್ಟೇಷನ್ನಿನ ಕಡೆ ಇಪ್ಪತ್ತು ಹೆಜ್ಜೆ ನಡೆದಳು. ಹಿಂದಿನಿಂದ ಅಮ್ಮಾಜಮ್ಮ ಯಾರಿಗೋ ಹೇಳುವುದು ಕೇಳಿಸಿತು. ಸಿಟ್ಟೇನೂ ಇರಲಿಲ್ಲ ಆ ಧ್ವನಿಯಲ್ಲಿ.

"ಓಗ್ಲಿ ಬಿಡಮ್ಮ. ಕೆಳಗೆ ಅವಳೋರು ಯಾರವ್ರೆ?"

ರತ್ನ ತಿರುಗಿ ಬಂದು ಹೆಂಗಸರ ಸಾಲಿನಲ್ಲಿ ನಿಂತಳು. ಹನ್ನೊಂದೂವರೆಯ ರೈಲು ಕೂಗಿ ಹೋದದ್ದು ಅವಳಿಗೆ ಚೆನ್ನಾಗಿಯೇ ಕೇಳಿಸಿತು.

ಆಮೇಲಿನ ಮೂರೂವರೆ ಗಂಟೆಯನ್ನು ಅವಳು ಬದುಕಿರುವವರೆಗೆ ಮರೆಯುವುದಿಲ್ಲ. ಬಿಸಿಲು ನೆತ್ತಿಗೆ ಬಂತು. ಯಾರೂ ಕೂರಲಿಲ್ಲ. ಯಾರೋ ಬಿಂದಿಗೆಯಲ್ಲಿ ನೀರು ತಂದರು, ಅದು ಅವಳ ಕೈಗೂ ಬಂತು. ಅಮ್ಮಾಜಮ್ಮನ ಕೈಯ ಕೋಲಿನ ಮೇಲೆ ಹಿಟ್ಟು ಒಣಗಿ ಬಿರುಕು ಬಿಟ್ಟಿತು. ನಡುನಡುವೆ ರತ್ನಳಿಗೇ ಅನುಮಾನ ಹುಟ್ಟತೊಡಗಿತು. ತನ್ನ ಸೈರನ್ನು ಸುಳ್ಳು, ಸರಿ. ಆದರೆ ಇವತ್ತೇ, ಇದೇ ಹೊತ್ತಿಗೆ ಕೆಳಗೆ ನಿಜವಾಗಿ ಏನಾದರೂ ಆಗಿದ್ದರೆ? ತಾನು ಕೂಗಿಸಿದ್ದರಿಂದಲೇ ಆಗಿಬಿಟ್ಟರೆ? ಕಂಪ್ಯೂಟರ್ ಓದಿದವಳು ಹೀಗೆ ಯೋಚಿಸಬಾರದು ಎಂದು ತನಗೆ ತಾನೇ ಹೇಳಿಕೊಂಡಳು, ಆದರೂ ಯೋಚಿಸಿದಳು. ಪ್ರಾಜೆಕ್ಟಿನ ನೆನಪು ಹೋಗಿ ಎಷ್ಟೋ ಹೊತ್ತಾಗಿತ್ತು. ಕೋದಂಡಪ್ಪನ ಮುಖ ಹೇಗಿದೆ ಎಂದು ನೆನಪಿಸಿಕೊಳ್ಳಲು ಒದ್ದಾಡುತ್ತಿದ್ದಳು.

ಮೂರಕ್ಕೆ ನಿಜವಾದ ಸೈರನ್ನು ಕೂಗಿತು. ಅರವತ್ತು ಹೆಂಗಸರೂ ಉಸಿರು ಬಿಗಿಹಿಡಿದರು. ಒಂದು ಕೂಗಿಗೆ ನಿಂತಿತು. ಪಂಜರ ಮೇಲೆ ಬಂತು, ಮತ್ತೆ ಇಳಿಯಿತು, ಮತ್ತೆ ಬಂತು. ಮೂರನೆಯ ಸಲಕ್ಕೆ ಬಂದವರಲ್ಲಿ ಕೋದಂಡಪ್ಪ ಇದ್ದ. ಗೇಟಿನಲ್ಲಿ ಹೆಂಡತಿ ನಿಂತಿರುವುದನ್ನು ಕಂಡು ಅವನ ಕಾಲು ನಿಂತುಬಿಟ್ಟಿತು. ಟೋಪಿಯನ್ನು ಕೈಗೆ ತೆಗೆದುಕೊಂಡ.

"ಯಾರಂತೆ?" ಎಂದ.

"ಯಾರೂ ಇಲ್ಲ," ಎಂದಳು ಅಮ್ಮಾಜಮ್ಮ. ಕೊನೆಯ ಪಂಜರವೂ ಮೇಲೆ ಬಂದ ಮೇಲೆ ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟಳು.

ರತ್ನ ಅವಳ ಪಕ್ಕ ಹೋಗಿ ಕುಕ್ಕರಗಾಲಿನಲ್ಲಿ ಕೂತಳು. ಅಳು ಬಂದುಬಿಟ್ಟಿತು. "ತಪ್ಪಾಯ್ತಕ್ಕ. ನನ್ಗೆ ಗೊತ್ತಿರ್ಲಿಲ್ಲ."

ಅಮ್ಮಾಜಮ್ಮ ಕೋಲಿಗೆ ಅಂಟಿದ್ದ ಹಿಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದಳು. ಕೆರೆಯುತ್ತಲೇ ಕೇಳಿದಳು: "ನಿನ್ನ ಡಬ್ಬಿನಾಗೆ ಅದನ್ನ ಬೇಕಾದಾಗ ನಿಲ್ಸಕ್ಕೆ ಬತ್ತದಾ?"

"ಬತ್ತದಕ್ಕ."

"ಅಂಗಾದ್ರೆ ಒಂದು ಕೂಗಿಗೇ ನಿಲ್ಸು. ಮತ್ತೆ ಯಾವತ್ತೂ ಉದ್ದ ಕೂಗ್ಸಬೇಡ. ಅಷ್ಟು ಮಾಡು ಸಾಕು."

"ಆಯ್ತಕ್ಕ," ಎಂದಳು ರತ್ನ.

ರಾಬರ್ಟ್‌ಸನ್‌ಪೇಟೆಗೆ ಹೋಗಿ ಎಸ್‌ಟಿಡಿ ಬೂತಿನಿಂದ ಅನಸೂಯಮ್ಮ ಮೇಡಂಗೆ ಫೋನು ಮಾಡಿದಾಗ ನಾಲ್ಕು ಗಂಟೆ. "ಸೋಮವಾರ ಒಂಬತ್ತಕ್ಕೆ ತಾ. ವೈವಾಗೆ ಕೂರಿಸ್ತೀನಿ. ಲೇಟ್ ಆಗಿದ್ದಕ್ಕೆ ಹತ್ತು ಮಾರ್ಕ್ಸ್ ಹೋಗುತ್ತೆ, ಅದು ನನ್ನ ಕೈಲಿಲ್ಲ," ಎಂದರು. ಹೆಸರು ಸದ್ಯಕ್ಕೆ ಉಳಿಯಿತು. ನೂರಕ್ಕೆ ನಲವತ್ತು ಅಂದದ್ದು ಈಗ ತೊಂಬತ್ತಕ್ಕೆ ನಲವತ್ತಾಯಿತು.

ಭಾನುವಾರ ಅವಳು ಮತ್ತೆ ಕುಪ್ಪುಸ್ವಾಮಿಯ ಮನೆಗೆ ಹೋದಳು. ಆಂಪ್ಲಿಫೈಯರು ಅಟ್ಟ ಸೇರಿತ್ತು. ಎರಡು ನಿಮಿಷದ ಸೈರನ್ನನ್ನು ಅಳಿಸಿ ಟೇಪಿನಲ್ಲಿದ್ದದ್ದನ್ನು ಇದ್ದ ಹಾಗೇ ಹಾಕಿದಳು. ಕತ್ತರಿಸಿ ಎಸೆದಿದ್ದ ಅಪ್ಪನ ಕೆಮ್ಮು, ಸೈಕಲ್ ಬೆಲ್ಲು ಎರಡೂ ವಾಪಸ್ಸು ಬಂದವು. ಸೈರನ್ನಿನ ಹಿಂದೆ ಒಬ್ಬ ಗಂಡಸು ನಿರಾಳವಾಗಿ ಕೆಮ್ಮಿದರೆ ಅದು ಒಳ್ಳೆಯ ದಿನವೆಂದು ಯಾರಿಗಾದರೂ ಗೊತ್ತಾಗುತ್ತದೆ. ಕಡಿಮೆಯೆಂದರೂ ಚಾಂಪಿಯನ್ ರೀಫ್ಸಿನಲ್ಲಿ ಗೊತ್ತಾಗುತ್ತದೆ.

ಸೋಮವಾರದ ಪರೀಕ್ಷಕರು ಬೇರೆ ಊರಿನಿಂದ ಬಂದವರು, ಕೆಟ್ಟವರೇನಲ್ಲ. ಪರದೆ ಕಪ್ಪಾಗಲಿಲ್ಲ. ಪಂಜರ ಇಳಿಯುವುದನ್ನು ನೋಡಿ "ಚೆನ್ನಾಗಿದೆ" ಎಂದರು. ಆಮೇಲೆ ಸೈರನ್ನಿನ ಗುಂಡಿ ಒತ್ತಿದರು. ಒಂಬತ್ತು ಸೆಕೆಂಡು, ಕೆಮ್ಮು, ಬೆಲ್ಲು.

"ಇಷ್ಟೇನಾ? ಕೆಮ್ಮು ಬೇರೆ ಇದೆ. ಇದನ್ನ ಕ್ಲೀನ್ ಮಾಡಿ ಲೂಪ್ ಮಾಡೋಕೆ ಬರಲ್ವಾ ನಿನಗೆ? ಐದು ನಿಮಿಷದ ಕೆಲಸ. ಇಲ್ಲೇ ಕೂತು ಮಾಡು, ನೋಡ್ತೀನಿ. ಸೌಂಡಿಗೆ ಹದಿನೈದು ಇದೆ, ಸುಮ್ಮನೆ ಕಳ್ಕೋಬೇಡ."

ಬರುವುದಿಲ್ಲವೇ! ಕಣ್ಣುಮುಚ್ಚಿ ಮಾಡಬಲ್ಲಳು. ಹದಿನೈದು ಸಿಕ್ಕರೆ ನಿಶ್ಚಿಂತೆ, ಸಿಗದಿದ್ದರೆ ಎಲ್ಲಿಗೆ ಬಂದು ನಿಲ್ಲುತ್ತದೋ. ಮೂಲೆಯಲ್ಲಿದ್ದ ಅನಸೂಯಮ್ಮ ಮೇಡಂ ಕಣ್ಣಿನಲ್ಲೇ 'ಮಾಡು' ಎಂದರು. ರತ್ನಳ ಕೈ ಮೌಸಿನವರೆಗೂ ಹೋಯಿತು. ಅಲ್ಲಿಂದ ಹಿಂದಕ್ಕೆ ಬಂತು.

"ಆಗಲ್ಲ ಸಾರ್," ಎಂದಳು.

"ಯಾಕಾಗಲ್ಲ? ನೋಡು, ಹೀಗೆ ಬರಬೇಕು ಎಫೆಕ್ಟು," ಎಂದು ಅವರು ತಾವೇ ಗುಂಡಿ ಒತ್ತಿದರು. ಕೆಮ್ಮು ಬರುವ ಮೊದಲೇ ಇನ್ನೊಂದು ಸಲ ಒತ್ತಿದರು. ಅದು ಮುಗಿಯುವ ಮೊದಲೇ ಮತ್ತೊಂದು ಸಲ. ಲ್ಯಾಬಿನ ತುಂಬ ಸೈರನ್ನು ನಿಲ್ಲದೆ ಕೂಗಿತು. ರತ್ನ ಎದ್ದು ನಿಂತಿದ್ದಳು, ಯಾವಾಗ ಎದ್ದಳೋ ಅವಳಿಗೇ ತಿಳಿಯದು. ಕೈ ಚಾಚಿ ಸ್ಪೀಕರಿನ ವೈರು ಕಿತ್ತಳು.

ಪರೀಕ್ಷಕರು ಕನ್ನಡಕದ ಮೇಲಿನಿಂದ ನೋಡಿದರು. ವಿದ್ಯಾರ್ಥಿನಿಯೊಬ್ಬಳು ಹೀಗೆ ಮಾಡಿದ್ದನ್ನು ಅವರು ಕಂಡಿರಲಿಕ್ಕಿಲ್ಲ. ರತ್ನ ವೈರು ಹಿಡಿದುಕೊಂಡೇ ಎಲ್ಲ ಹೇಳಿದಳು. ಉದ್ದ ಕೂಗಿದರೆ ಏನು, ಹೆಂಗಸರು ಯಾಕೆ ಕೂರುವುದಿಲ್ಲ, ಶನಿವಾರ ತಾನು ಎಲ್ಲಿದ್ದೆ. ಕೊನೆಗೆ, "ಮಾತು ಕೊಟ್ಟಿದ್ದೀನಿ ಸಾರ್," ಎಂದಳು.

ಅವರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಆಮೇಲೆ ರಿಪೋರ್ಟು ತಿರುವಿಹಾಕಿದರು. "ಇದ್ಯಾವುದನ್ನೂ ನೀನು ಇದರಲ್ಲಿ ಬರೆದಿಲ್ಲವಲ್ಲಮ್ಮ. ಬರೆಯದೆ ಇರೋದಕ್ಕೆ ನಾನು ಹೇಗೆ ಮಾರ್ಕ್ಸ್ ಕೊಡಲಿ?" ಎಂದರು. ಬೇಸರದಿಂದಲೇ ಅಂದರು.

ಮೂರು ವಾರ ರತ್ನ ಸರಿಯಾಗಿ ಉಣ್ಣಲಿಲ್ಲ. ಫಲಿತಾಂಶದ ಹಾಳೆಯಲ್ಲಿ ಧ್ವನಿಗೆ ಹದಿನೈದಕ್ಕೆ ಎರಡು. ಲೇಟಿಗೆ ಹತ್ತು ಕಳೆದು, ಒಟ್ಟು ನಲವತ್ತೊಂದು. ಅವಳು ಆ ಸಾಲಿನ ಮೇಲೆ ಬೆರಳಿಟ್ಟು ಮೂರು ಸಲ ಓದಿದಳು, ಪಕ್ಕದವರಿಂದ ಒಂದು ಸಲ ಓದಿಸಿದಳು.

ಮರುದಿನ ಅಪ್ಪನ ಬದಲು ಅವಳೇ ಅಮ್ಮಾಜಮ್ಮನ ಬಾಗಿಲಿಗೆ ಹಾಲು ತಂದಳು. ಪಾಸಾದ ಸುದ್ದಿ ಹೇಳಿದಳು. ಅಮ್ಮಾಜಮ್ಮ ಪಾತ್ರೆ ಹಿಡಿದುಕೊಂಡೇ ಕೇಳಿದಳು: "ಅಲ್ಲಿ ಅದನ್ನ ಕೂಗ್ಸಿದ್ಯಾ?"

"ನಾನು ಒಂದೇ ಕೂಗಿಗೆ ಇಟ್ಟಿದ್ದೆ ಅಕ್ಕ. ಸಾರೇ ಮೂರು ಸಲ ಒತ್ತಿಬಿಟ್ರು, ನಿಲ್ಸದೆ. ನಾನು ವೈರು ಕಿತ್ತೆ."

"ಯಾರಾನ ಓಡಿಬಂದ್ರಾ?"

ರತ್ನ ಲ್ಯಾಬನ್ನು ನೆನಪಿಸಿಕೊಂಡಳು. "ಇಲ್ಲಕ್ಕ. ಯಾರೂ ಎದ್ದು ಕೂಡ ನಿಲ್ಲಿಲ್ಲ. ಪಕ್ಕದಾಗೆ ಒಬ್ಳು ಬಿಸ್ಕತ್ತು ತಿಂತಿದ್ಲು, ತಿಂತಾನೇ ಇದ್ಲು."

ಅಮ್ಮಾಜಮ್ಮ ಸೆರಗಿನಿಂದ ಪಾತ್ರೆ ಒರೆಸಿದಳು.

"ಪುಣ್ಯವಂತ್ರು ಬಿಡು," ಎಂದು ಹಾಲಿಗೆ ಪಾತ್ರೆ ಒಡ್ಡಿದಳು.